ಕೃಷ್ಣವಿವರದ ನಾದ

ಪರಮಾಣುವಿನ ಒಡಲನ್ನು ಕಣ್ಣಾರೆ ಕಂಡವರಿಲ್ಲ. 1909ರಲ್ಲಿ ಮ್ಯಾಂಚೆಸ್ಟರಿನ ಗೈಗರ್, ಮಾರ್ಸ್‌ಡನ್ ಎಂಬವರು ಚಿನ್ನದ ತೆಳುರೇಕಿನ ಮೇಲೆ ಆಲ್ಫಾ ಕಣಗಳನ್ನು ಹಾಯಿಸಿದಾಗ ಕೆಲವು ಹಿಂದಕ್ಕೆ ಸಿಡಿದುವು. ಅವರ ಗುರುವಾದ ರುದರ್‌ಫೋರ್ಡನು 1911ರಲ್ಲಿ ಆ ಚೆದುರಿಕೆಯಿಂದಲೇ ಪರಮಾಣುವಿಗೊಂದು ಬೀಜವುಂಟೆಂದು ನಿರ್ಣಯಿಸಿದನು. ಜಿನೀವಾ ಬಳಿಯ ನೆಲದಡಿಯಲ್ಲಿ, 27 ಕಿಲೋಮೀಟರ್ ಸುತ್ತಳತೆಯ ಉಂಗುರದೊಳಗೆ ಪ್ರೋಟಾನುಗಳನ್ನು ಢಿಕ್ಕಿಹೊಡೆಯಿಸುವ ಮಹಾಯಂತ್ರವೂ ಇದೇ ವಂಶದ್ದು. ಕಾಣದುದಕ್ಕೆ ಏನನ್ನಾದರೂ ಎಸೆಯುವುದು, ಹೊರಬಂದುದನ್ನು ನೋಡಿ ಗುಣವನ್ನು ಅರಿಯುವುದು, ಇಷ್ಟೇ ಇದರ ಕ್ರಮ.

ಬೆಳಕನ್ನೂ ಹೊರಬಿಡದ ಕೃಷ್ಣವಿವರದಲ್ಲಿ ಈ ಕ್ರಮವು ಸಾಗುವುದೆ? ಹೀಗೆ ಕೇಳಿ ಉತ್ತರ ಕಂಡವರು ನಮ್ಮ ನಾಡಿನವರೇ ಆದ ಸಿ. ವಿ. ವಿಶ್ವೇಶ್ವರ ಅವರು. ನಮ್ಮ ಶಿವಪುರದಲ್ಲಿ ಧ್ವಜ ಸತ್ಯಾಗ್ರಹವು ನಡೆದುದು 1938ರ ಏಪ್ರಿಲಿನಲ್ಲಷ್ಟೆ. ಅದಕ್ಕೆ ಒಂದು ತಿಂಗಳು ಮುಂಚೆ, ಮಾರ್ಚ್ 6ರಂದು, ಅವರು ಬೆಂಗಳೂರಿನಲ್ಲಿ ಜನಿಸಿದರು. ತಂದೆ ಸಿ. ಕೆ. ವೆಂಕಟರಾಮಯ್ಯನವರ ಪರಿಚಯವನ್ನು ಕನ್ನಡ ವಾಚಕರಿಗೆ ಮಾಡಿಕೊಡಬೇಕಾಗಿಲ್ಲ. ಮಗನು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿ, ಅಮೆರಿಕೆಯ ಮೇರಿಲ್ಯಾಂಡಿನಲ್ಲಿ ಚಾರ್ಲ್ಸ್ ಮಿಸ್ನರನ ಶಿಷ್ಯರಾದರು.

ಕೃಷ್ಣವಿವರವು ಸ್ವಲ್ಪ ಅಲುಗಿದರೆ ಚೂರಾಗುವುದೆ, ನಿಲ್ಲುವುದೆ ಎಂಬುದು ಮೊದಲ ಪ್ರಶ್ನೆ. ನಿಲ್ಲದಿದ್ದರೆ ಉಳಿದ ಮಾತೆಲ್ಲ ವ್ಯರ್ಥ. ನಿಲ್ಲುವುದೆಂದು ಅವರು ಗಣಿತದಿಂದ ತೋರಿಸಿದರು. ಬಳಿಕ ಗುರುತ್ವದ ಅಲೆಗಳನ್ನು ಅದರ ಮೇಲೆ ಎಸೆದರು. ಎಸೆದುದು ಗಣಕಯಂತ್ರದಲ್ಲಿ, ಕಾಗದದ ಮೇಲೆ. ಅಗಲವಾದ ಅಲೆಯು ಹೆಚ್ಚೇನೂ ಹೇಳಲಿಲ್ಲ. ಅಲೆಯು ವಿವರದ ಗಾತ್ರಕ್ಕೆ ಸಮನಾಗಿ ಕಿರಿದಾದಾಗಲಾದರೋ, ಮರಳಿ ಬಂದುದು ಕ್ರಮವಾಗಿ ಕ್ಷೀಣಿಸುವ ಒಂದು ಕಂಪನ. ಗಂಟೆಯನ್ನು ಕಟ್ಟಿಗೆಯಿಂದ ಹೊಡೆದರೂ ಕಬ್ಬಿಣದಿಂದ ಹೊಡೆದರೂ ಸ್ವರವು ಗಂಟೆಯದೇ ಅಲ್ಲವೆ? ಹಾಗೆಯೇ ಈ ಕಂಪನದ ಸ್ವರವನ್ನು ತಿರುಗದ ಕೃಷ್ಣವಿವರದಲ್ಲಿ ಅದರ ದ್ರವ್ಯರಾಶಿಯೊಂದೇ ನಿರ್ಣಯಿಸುತ್ತದೆ. 1970ರಲ್ಲಿ ಈ ಲೇಖನವು ‘ನೇಚರ್’ ಪತ್ರಿಕೆಯಲ್ಲಿ ಅಚ್ಚಾಯಿತು.

2008ರ ಸೆಪ್ಟೆಂಬರ್ 10ರಂದು ಜಿನೀವಾದ ಯಂತ್ರವು ಚಾಲನೆಗೊಂಡಾಗ, ಅದು ಕೃಷ್ಣವಿವರವನ್ನು ಹೆತ್ತು ಭೂಮಿಯನ್ನು ನುಂಗಿಸುವುದೆಂಬ ಗುಲ್ಲು ಎದ್ದಿತ್ತು. ಅದಕ್ಕಿಂತ ಬಲವಾದ ವಿಶ್ವಕಿರಣಗಳು ಭೂಮಿಯನ್ನು ಅನಾದಿಯಿಂದ ಬಡಿಯುತ್ತಲೇ ಇವೆ! ದೇಶಕ್ಕೆ ಹೆಚ್ಚಿನ ಆಯಾಮಗಳಿದ್ದರೆ ಅತಿಸೂಕ್ಷ್ಮ ವಿವರಗಳು ಹುಟ್ಟಬಹುದೆಂದು ವಿಜ್ಞಾನಿಗಳು 2010ರಲ್ಲಿ ಅಲ್ಲಿ ಹುಡುಕಿದರು, ಕುರುಹು ಸಿಕ್ಕಲಿಲ್ಲ. ಗುಲ್ಲು ಮನೆಮನೆಗೂ ಮುಟ್ಟಿತು, ಗಂಟೆಯ ಲೆಕ್ಕ ಹಾಕಿದವರ ಹೆಸರು ಮಾತ್ರ ಮುಟ್ಟಲಿಲ್ಲ ಎಂಬುದು ನನಗೆ ಖೇದಕರವಾಗಿ ತೋರುತ್ತದೆ.

ಕೊನೆಗೆ ಪ್ರಕೃತಿಯೇ ಢಿಕ್ಕಿಯನ್ನು ಏರ್ಪಡಿಸಿತು. ಸೂರ್ಯನ ಸುಮಾರು 36 ಮತ್ತು 29 ಮಡಿ ದ್ರವ್ಯವುಳ್ಳ ಎರಡು ಕೃಷ್ಣವಿವರಗಳು ಒಂದಾದುದರ ಅಲೆಯು 2015ರ ಸೆಪ್ಟೆಂಬರ್ 14ರಂದು ಅಮೆರಿಕೆಯ ಲೈಗೋ ಯಂತ್ರಗಳನ್ನು ತಲುಪಿತು. ಅದರ ಕ್ಷೀಣಿಸುವ ತುದಿಯು ಆ ಕಂಪನಕ್ಕೆ ಹೊಂದಿಕೊಂಡಿತ್ತು. 2016ರ ಫೆಬ್ರವರಿ 11ರಂದು ವಾರ್ತೆಯು ಪ್ರಕಟವಾದಾಗ, ಬೆಂಗಳೂರಿನ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರಾಗಿದ್ದ ವಿಶ್ವೇಶ್ವರ ಅವರಿಗೆ 77 ವರ್ಷ. ಮರುವರ್ಷ ಜನವರಿ 16ರಂದು ಅವರು ಬೆಂಗಳೂರಿನಲ್ಲಿಯೇ ತೀರಿಕೊಂಡರು. 2025ರ ಜನವರಿ 14ರಂದು ಬಂದ ಮತ್ತೊಂದು ಅಲೆಯು ಹಿಂದಿನವುಗಳಿಗಿಂತ ಎಷ್ಟೋ ಸ್ಪಷ್ಟವಾಗಿದ್ದು, ಅದರಲ್ಲಿ ಮೂಲಸ್ವರವೂ ಅದರೊಡನೆ ಒಂದು ಉಪಸ್ವರವೂ ಬೇರೆಬೇರೆಯಾಗಿ ಗುರುತಿಗೆ ಸಿಕ್ಕಿದುವು.