ಮನೆಗೆ ಮರಳಿದ ರಂಗಪಾಠ: ಕನ್ನಡ ರಂಗಶಿಕ್ಷಣ ಮತ್ತು ದೂರಬೋಧನೆ

ಕನ್ನಡದಲ್ಲಿ ರಂಗಶಿಕ್ಷಣದ ಚರಿತ್ರೆಯೆಂದರೆ ಬಹುಮಟ್ಟಿಗೆ ಮನೆ ಬಿಟ್ಟು ಹೋದವರ ಚರಿತ್ರೆ. 1884ರಲ್ಲಿ ಸ್ಥಾಪಿತವಾದ ಗುಬ್ಬಿ ಕಂಪನಿಯನ್ನು ಬಾಲಕ ಬಿ.ವಿ. ಕಾರಂತರು ಸೇರಿದ್ದು ಮನೆಯಿಂದ ಓಡಿಬಂದು. ಕಂಪನಿಯ ಬಿಡಾರದಲ್ಲಿ ಪಾಠವೆಂಬ ಪ್ರತ್ಯೇಕ ವ್ಯವಸ್ಥೆ ಇರಲಿಲ್ಲ. ಸೈಡ್‌ವಿಂಗಿನಲ್ಲಿ ನಿಂತು ಹಿರಿಯರ ಮಾತು, ಹಾಡು, ನಡೆಗಳನ್ನು ದಿನವೂ ಕಾಣುವುದೇ ಪಾಠ. ಮುಂದೆ ಪಠ್ಯಕ್ರಮವನ್ನು ರೂಪಿಸಿಕೊಂಡ ಸಂಸ್ಥೆಗಳೂ ಈ ಸಹವಾಸವನ್ನು ಕೈಬಿಡಲಿಲ್ಲ. ಉಡುಪಿಯ ಯಕ್ಷಗಾನ ಕೇಂದ್ರ ಗುರುಕುಲ ಮಾದರಿಯನ್ನು ಅನುಸರಿಸಿತು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೇತೃತ್ವದಲ್ಲಿ 1980ರಲ್ಲಿ ಆರಂಭವಾದ ನೀನಾಸಂ ರಂಗಶಿಕ್ಷಣ ಕೇಂದ್ರದಲ್ಲಿಯೂ ವಿದ್ಯಾರ್ಥಿಗಳು ಕೂಡಿ ಬಾಳಿ ಕಲಿಯುವುದೇ ಕ್ರಮವಾಯಿತು.

ಇದೇ ನಾಡಿನಲ್ಲಿ ದೂರಬೋಧನೆಗೂ ಹಳೆಯ ಪರಂಪರೆಯಿದೆ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ಮೂಲಕ ಶಿಕ್ಷಣವನ್ನು ಆರಂಭಿಸಿತು; 1996ರಲ್ಲಿ ಅದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ನಾಟಕದ ಪಠ್ಯ ಅಂಚೆಯಲ್ಲಿ ಹೋಗಬಲ್ಲುದಾಗಿತ್ತು, ಅಭಿನಯ ಹೋಗುವಂತಿರಲಿಲ್ಲ. ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ ಆರಂಭಿಸಿದ ಬಾನುಲಿ ಕೇಂದ್ರದಿಂದ ಮೊದಲ್ಗೊಂಡು ಆಕಾಶವಾಣಿಯ ಪರಂಪರೆಯು ದನಿಯನ್ನು ದೇಹದಿಂದ ಬೇರ್ಪಡಿಸಿ ಮನೆಮನೆಗೆ ತಲುಪಿಸಿತು. ಆದರೆ ಬಾನುಲಿಯ ಕೇಳುಗನು ಪ್ರೇಕ್ಷಕನಾಗಿದ್ದನೇ ಹೊರತು ವಿದ್ಯಾರ್ಥಿಯಾಗಿರಲಿಲ್ಲ.

ಈ ಎರಡು ಪರಂಪರೆಗಳು 2020ರಲ್ಲಿ ಒತ್ತಾಯದಿಂದ ಒಂದಾದವು. ಮಾರ್ಚ್ 24ರ ರಾತ್ರಿ ಘೋಷಿತವಾದ ಲಾಕ್‌ಡೌನ್‌ನಿಂದಾಗಿ, ಮನೆ ಬಿಟ್ಟು ಬರುವುದನ್ನೇ ಮೊದಲ ಪಾಠವಾಗಿಸಿಕೊಂಡಿದ್ದ ಶಿಕ್ಷಣ ವಿದ್ಯಾರ್ಥಿಯ ಮನೆಗೇ ಹೋಗಬೇಕಾಯಿತು. ವಿಶ್ವ ರಂಗಭೂಮಿ ದಿನಕ್ಕೆ ಆಗ ಮೂರು ದಿನವಿತ್ತು. ಮೊಬೈಲಿನ ಪರದೆಯ ಮೇಲೆ ನಡೆದ ತರಗತಿಗಳಲ್ಲಿ ಮೊದಲು ಕುಸಿದದ್ದು ಮೇಳ. ಲಯಬದ್ಧವಾಗಿ ಕೂಡಿ ಹಾಡುವವರ ನಡುವೆ ದನಿ ತಲುಪುವ ವಿಳಂಬವು ಸುಮಾರು 25-30 ಮಿಲಿಸೆಕೆಂಡುಗಳನ್ನು ಮೀರಿದರೆ ತಾಳ ಸಡಿಲವಾಗತೊಡಗುತ್ತದೆ. ಅಂತರಜಾಲದ ವೀಡಿಯೋ ಸಂಭಾಷಣೆಯ ವಿಳಂಬ ಸಾಮಾನ್ಯವಾಗಿ ಇದರ ಹಲವು ಪಟ್ಟು. ಭಾಗವತನ ಪದಕ್ಕೆ ಮದ್ದಳೆ ಒಂದೂರಿನಿಂದ, ಹೆಜ್ಜೆ ಇನ್ನೊಂದೂರಿನಿಂದ ಬಂದರೆ ಅದು ಯಕ್ಷಗಾನವಾಗದು. ಮಾತಿಗಾಗಿ ಸಿದ್ಧಪಡಿಸಿದ ತಂತ್ರಾಂಶಗಳು ಚೆಂಡೆಯ ಪೆಟ್ಟನ್ನು ಗದ್ದಲವೆಂದು ಬಗೆದು ಅಡಗಿಸಿಬಿಡುವುದೂ ಉಂಟು. ಇದನ್ನು ಕೇವಲ ತಾಂತ್ರಿಕ ತೊಡಕೆಂದು ತಳ್ಳಿಹಾಕುವಂತಿಲ್ಲ. ಎದುರಿನ ನಟನ ಉಸಿರನ್ನು ಗ್ರಹಿಸಿ ತನ್ನ ಮಾತನ್ನು ಎತ್ತಿಕೊಳ್ಳುವುದೇ ಅಭಿನಯದ ಮೂಲಪಾಠ. ಆ ಉಸಿರಿಗೆ ಪರದೆಯಲ್ಲಿ ಸ್ಥಳವಿರಲಿಲ್ಲ. ಹೀಗಾಗಿ ಪಾಠವು ಮೇಳದಿಂದ ಏಕವ್ಯಕ್ತಿಗೆ, ಹೆಜ್ಜೆಯಿಂದ ಮುಖಕ್ಕೆ, ರಂಗದಿಂದ ವಾಚನಕ್ಕೆ ಸರಿಯಿತು. ನಾಟಕಗಳ ನಿಧಾನ ಓದು ಮತ್ತು ದೂರದ ಊರಿನ ವಿದ್ವಾಂಸರ ಉಪನ್ಯಾಸ ಸುಲಭವಾದದ್ದು ನಿಜವಾದ ಲಾಭವೇ. ಆದರೆ ಅದು ಅಂಚೆಶಿಕ್ಷಣಕ್ಕೆ ಮೊದಲೇ ಸಾಧ್ಯವಿದ್ದ ಲಾಭದ ವಿಸ್ತರಣೆ.

ಮನೆಯೂ ಎಲ್ಲರಿಗೂ ಒಂದೇ ಬಗೆಯದಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 2017-18ರ 75ನೆಯ ಸುತ್ತಿನ ಪ್ರಕಾರ ಭಾರತದ ಗ್ರಾಮೀಣ ಕುಟುಂಬಗಳಲ್ಲಿ ಅಂತರಜಾಲ ಸೌಲಭ್ಯವಿದ್ದದ್ದು ಶೇ. 14.9ಕ್ಕೆ, ನಗರದಲ್ಲಿ ಶೇ. 42ಕ್ಕೆ. ಸಿಗ್ನಲ್ಲಿಗಾಗಿ ಗುಡ್ಡ ಹತ್ತುವುದು ಮಲೆನಾಡಿನ ವಿದ್ಯಾರ್ಥಿಗಳಿಗೆ ಆಗ ಅಪರೂಪದ ಸಂಗತಿಯಾಗಿರಲಿಲ್ಲ. ಸಿಗ್ನಲ್ ಇದ್ದ ಮನೆಯಲ್ಲಿಯೂ ತೊಡಕು ತೀರಲಿಲ್ಲ. ದುಶ್ಯಾಸನನ ಅಬ್ಬರವನ್ನೋ ದ್ರೌಪದಿಯ ಆಕ್ರೋಶವನ್ನೋ ನಡುಮನೆಯಲ್ಲಿ, ಅಜ್ಜ ಮಲಗಿರುವಾಗ, ಪಕ್ಕದ ಗೋಡೆಯಾಚೆ ನೆರೆಯವರು ಕೇಳುತ್ತಿರುವಾಗ ಅಭ್ಯಾಸ ಮಾಡುವುದು ಹೇಗೆ? ದನಿ ತಗ್ಗಿಸಿ ಮಾತಾಡೆಂದು ಕೇಳುತ್ತ ಬೆಳೆದ ಹೆಣ್ಣುಮಗಳಿಗೆ ರಂಗಶಾಲೆ ಕೊಡುತ್ತಿದ್ದದ್ದು ತಂತ್ರವನ್ನಷ್ಟೇ ಅಲ್ಲ, ಗಟ್ಟಿಯಾಗಿ ಕೂಗಬಹುದಾದ ಒಂದು ಜಾಗವನ್ನು. ಆ ಜಾಗ ಎರವಾದದ್ದು ಯಾವ ಹಾಜರಿ ಪುಸ್ತಕದಲ್ಲಿಯೂ ದಾಖಲಾಗುವಂತಹುದಲ್ಲ.

ಕರ್ನಾಟಕದಲ್ಲಿ 2020ರ ನವೆಂಬರ್ 17ರಿಂದ ಪದವಿ ಕಾಲೇಜುಗಳು ಮತ್ತೆ ತೆರೆದವು. ಎರಡನೆಯ ಅಲೆಯಿಂದಾಗಿ 2021ರ ಏಪ್ರಿಲ್ ಕೊನೆಯಲ್ಲಿ ನಾಡು ಪುನಃ ಮುಚ್ಚಿತು. ಈ ಅವಧಿಯ ಪಾಠಗಳ ಆಕರಗಳು ಹೆಚ್ಚಾಗಿ ಶಿಕ್ಷಕರ, ವಿದ್ಯಾರ್ಥಿಗಳ ಸ್ವಂತ ಫೋನುಗಳಲ್ಲಿ ಚದುರಿವೆ: ಒಂಟಿಯಾಗಿ ಹೇಳಿದ ಸಂಭಾಷಣೆಯ ತುಣುಕುಗಳು, ಶಿಕ್ಷಕರು ತಿದ್ದಿ ಕಳಿಸಿದ ಧ್ವನಿಸಂದೇಶಗಳು. ಕಂಪನಿ ನಾಟಕದ ಕರಪತ್ರ ಯಾವುದೋ ಮನೆಯ ಟ್ರಂಕಿನಲ್ಲಿ ನೂರು ವರ್ಷ ಉಳಿದೀತು. ಫೋನು ಬದಲಾದ ದಿನ ಇವು ಅಳಿಯುತ್ತವೆ. ಎಷ್ಟೋ ಈಗಾಗಲೇ ಅಳಿದಿರಬೇಕು.