‘ಶುದ್ಧ ಶಾಕಾಹಾರಿ’: ಒಂದು ಬೋರ್ಡಿನ ಕಥೆ

ಬೆಳಗಾವಿಯಿಂದ ಖಾನಾಪುರದತ್ತ ಗೋವಾ ರಸ್ತೆ ಹಿಡಿದು ಹೊರಟವರಿಗೆ ಹೋಟೆಲುಗಳ ಬೋರ್ಡು ಓದುವುದೇ ಒಂದು ಕಾಲಕ್ಷೇಪ. ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಅಲ್ಲಿ ಒಂದರ ಕೆಳಗೊಂದು ಕೂತಿರುತ್ತವೆ. ಯಾವ ಭಾಷೆ ಮೇಲಿರಬೇಕು, ಯಾವ ಅಕ್ಷರ ದಪ್ಪಗಿರಬೇಕು ಎಂಬುದಕ್ಕೆ ಈ ಗಡಿಭಾಗದಲ್ಲಿ ಎಷ್ಟೋ ಜಗಳಗಳಾಗಿವೆ. ಆದರೆ ಒಂದು ಮಾತಿನಲ್ಲಿ ಮಾತ್ರ ಭಾಷೆಗಳಿಗೆ ಭಿನ್ನಾಭಿಪ್ರಾಯವಿಲ್ಲ. ಕನ್ನಡದಲ್ಲೂ ‘ಶುದ್ಧ ಶಾಕಾಹಾರಿ’, ಮರಾಠಿಯಲ್ಲೂ ‘ಶುದ್ಧ ಶಾಕಾಹಾರಿ’. ಇಂಗ್ಲಿಷಿನಲ್ಲಿ ‘ಪ್ಯೂರ್ ವೆಜ್’. ಹೋಟೆಲು ಸ್ವಲ್ಪ ದೊಡ್ಡದಾಗಿದ್ದು, ಗಾಜಿನ ಬಾಗಿಲು, ಹವಾನಿಯಂತ್ರಿತ ಕೋಣೆ ಇದ್ದರೆ ‘ಹೈಕ್ಲಾಸ್’ ಎಂಬ ಇನ್ನೊಂದು ಪದ ಮುಂದೆ ಸೇರಿಕೊಳ್ಳುತ್ತದೆ.

ಹಾಲಿನ ಅಂಗಡಿಯವನು ‘ಶುದ್ಧ ಹಾಲು’ ಎಂದು ಬರೆಸಿದರೆ ಅರ್ಥವಾಗುತ್ತದೆ. ನೀರು ಬೆರೆಸಿಲ್ಲ ಎಂದು. ತುಪ್ಪಕ್ಕೂ ಆ ಮಾತು ಒಪ್ಪುತ್ತದೆ. ಊಟ ಶಾಕಾಹಾರವಾಗಿರಬಹುದು, ಇಲ್ಲದಿರಬಹುದು. ಅದರಲ್ಲಿ ‘ಶುದ್ಧ’ ಎಂಬುದು ಎಲ್ಲಿಂದ ಬಂತು? ಮಾಂಸ ಬೇಯಿಸಿದ ಪಾತ್ರೆಯಲ್ಲಿ ಇಲ್ಲಿ ಪಲ್ಯ ಮಾಡುವುದಿಲ್ಲ ಎಂಬುದು ಇಂದಿನ ಮಾಲೀಕರು ಕೊಡುವ ಉತ್ತರ. ಅದು ನಿಜವೇ. ಆದರೆ ಅರ್ಧ ನಿಜ. ಉಳಿದರ್ಧವನ್ನು ಹುಡುಕಲು ನೂರು ವರ್ಷಕ್ಕೂ ಹೆಚ್ಚು ಹಿಂದಕ್ಕೆ, ಹೊರಗೆ ಉಣ್ಣುವುದೇ ಒಂದು ಅಪರಾಧವಾಗಿದ್ದ ಕಾಲಕ್ಕೆ ಹೋಗಬೇಕು.

ಆಗ ಪ್ರಯಾಣ ಹೊರಟವರು ಬುತ್ತಿ ಕಟ್ಟಿಕೊಂಡೇ ಹೊರಡುತ್ತಿದ್ದರು. ಬುತ್ತಿ ಮುಗಿದರೆ ಬಂಧುಗಳ ಮನೆ, ಇಲ್ಲವೇ ತಮ್ಮ ಜಾತಿಯವರ ಛತ್ರ, ತಮ್ಮ ಪಂಥದ ಮಠ. ಓದಲು ಪಟ್ಟಣಕ್ಕೆ ಬಂದ ಬಡ ಬ್ರಾಹ್ಮಣ ಹುಡುಗರಿಗೆ ವಾರಾನ್ನವಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಲಿಂಗಾಯತ ಹುಡುಗರಿಗೆ ಮಠಗಳ ದಾಸೋಹ. ಬೆಳಗಾವಿಯ ನಾಗನೂರು ರುದ್ರಾಕ್ಷಿಮಠ ನಡೆಸಿದ ಉಚಿತ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ಈ ಭಾಗದಲ್ಲಿ ಅಸಂಖ್ಯ. ಹಣ ಕೊಟ್ಟು ಅಪರಿಚಿತನ ಕೈಯಡುಗೆ ಉಣ್ಣುವುದು ಗೌರವಸ್ಥರ ಲಕ್ಷಣವೆನಿಸಿರಲಿಲ್ಲ.

ಬೆಳಗಾವಿಯ ಮಟ್ಟಿಗೆ ಕುತೂಹಲದ ಸಂಗತಿಯೊಂದಿದೆ. ಮಾಂಸ ಮುಟ್ಟದ ಸಮುದಾಯಗಳು ಇಲ್ಲಿ ಒಂದಲ್ಲ, ಮೂರು. ಕೋಟೆಯೊಳಗಿನ ಕಮಲ ಬಸದಿ ಕಟ್ಟಿದ್ದು 1204ರಲ್ಲಿ, ರಟ್ಟರ ಕಾಲದಲ್ಲಿ. ಜೈನರ ಬೇರು ಅಷ್ಟು ಹಳೆಯದು. ಹಳ್ಳಿಹಳ್ಳಿಗಳಲ್ಲಿ ಲಿಂಗಾಯತರು. ಪೇಟೆ, ಅಗ್ರಹಾರಗಳಲ್ಲಿ ಬ್ರಾಹ್ಮಣರು. ಮೂವರ ತಟ್ಟೆಯಲ್ಲಿ ಇರುತ್ತಿದ್ದುದು ಹೆಚ್ಚುಕಡಿಮೆ ಒಂದೇ: ರೊಟ್ಟಿ ಅಥವಾ ಅನ್ನ, ಬೇಳೆ, ಕಾಯಿಪಲ್ಯ, ಮೊಸರು. ಈರುಳ್ಳಿ ಬೆಳ್ಳುಳ್ಳಿಯ ವ್ಯತ್ಯಾಸ ಬಿಟ್ಟರೆ ಆಹಾರದಲ್ಲಿ ಜಗಳವಾಡುವಂಥದ್ದು ಏನೂ ಇರಲಿಲ್ಲ. ಆದರೂ ಮೂವರು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಿರಲಿಲ್ಲ. ಏನು ಉಣ್ಣುತ್ತೀರಿ ಎಂಬುದಕ್ಕಿಂತ ಯಾರು ಬೇಯಿಸಿದರು, ಪಕ್ಕದಲ್ಲಿ ಯಾರು ಕೂತರು ಎಂಬುದೇ ಅಂದಿನ ಶುದ್ಧಿಯ ಅಳತೆಗೋಲು. ಈ ಮಾತನ್ನು ನೆನಪಿಟ್ಟುಕೊಂಡರೆ ಬೋರ್ಡಿನ ಕಥೆ ಸುಲಭವಾಗುತ್ತದೆ.

ಈ ಕಟ್ಟನ್ನು ಸಡಿಲಿಸಿದ್ದು ಸುಧಾರಕರಿಗಿಂತ ಮೊದಲು ರೈಲು ಮತ್ತು ಕೋರ್ಟು. ಬೆಳಗಾವಿ ಮುಂಬೈ ಪ್ರಾಂತ್ಯದ ಜಿಲ್ಲಾ ಕೇಂದ್ರ. ದಂಡು ಇದ್ದ ಊರು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಹಳಿಗಳು ಬಂದವು. ಬೆಳಗಾವಿ, ಖಾನಾಪುರ, ಲೋಂಡಾ, ಅಲ್ಲಿಂದ ಕ್ಯಾಸಲ್‌ರಾಕ್ ದಾಟಿ ಪೋರ್ಚುಗೀಸರ ಗೋವಾ. ಖಟ್ಲೆಗಾಗಿ ಬಂದ ರೈತ ಸಾಕ್ಷಿ ಹೇಳುವ ತನಕ ನಾಲ್ಕು ದಿನ ಊರಲ್ಲಿ ನಿಲ್ಲಬೇಕು. ಹೆಂಡತಿ ಮಕ್ಕಳನ್ನು ಹಳ್ಳಿಯಲ್ಲಿ ಬಿಟ್ಟು ಬಂದ ಗುಮಾಸ್ತನಿಗೆ ದಿನಕ್ಕೆರಡು ಊಟ ಬೇಕು. ಹೀಗೆ ಹುಟ್ಟಿದ್ದು ಖಾನಾವಳಿ. ಮರಾಠಿಯ ‘ಖಾಣಾವಳ’ ಕನ್ನಡದ ಬಾಯಿಗೆ ಬಂದು ಆದ ಪದ. ಹೋಟೆಲಿಗೂ ಖಾನಾವಳಿಗೂ ಅಂತರವಿದೆ. ಹೋಟೆಲಿನಲ್ಲಿ ಚಹಾ, ಫಳಾರ; ಖಾನಾವಳಿಯಲ್ಲಿ ಊಟ ಮಾತ್ರ. ಅದೂ ಬಹುಮಟ್ಟಿಗೆ ಮನೆಯ ಪಡಸಾಲೆಯಲ್ಲೇ, ಮನೆಯ ಹೆಂಗಸರೇ ರೊಟ್ಟಿ ಬಡಿದು ಹಾಕುವ ಊಟ, ತಿಂಗಳ ಲೆಕ್ಕದಲ್ಲಿ. ಗಂಡನನ್ನು ಕಳೆದುಕೊಂಡ ಎಷ್ಟೋ ಹೆಣ್ಣುಮಕ್ಕಳು ಖಾನಾವಳಿ ನಡೆಸಿ ಸಂಸಾರ ದಡ ಮುಟ್ಟಿಸಿದ್ದಾರೆ. ಮುಂಬೈಯ ಗಿರಣಿ ಕಾರ್ಮಿಕರ ಹೊಟ್ಟೆ ತುಂಬಿಸಿದ್ದೂ ಇಂಥ ಹೆಂಗಸರೇ. 1975ರಲ್ಲಿ ಪ್ರೇಮಾ ಪುರವ್ ಅಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿ ಅವರನ್ನು ಸಂಘಟಿಸಿದರು.

ಖಾನಾವಳಿಗೂ ಜಾತಿಯ ಹೆಸರಿರುತ್ತಿತ್ತು. ಬ್ರಾಹ್ಮಣರ ಖಾನಾವಳಿ, ಲಿಂಗಾಯತ ಖಾನಾವಳಿ, ಮರಾಠಾ ಖಾನಾವಳಿ. ಬೋರ್ಡು ನೋಡಿ ಒಳಗಿನ ಅಡುಗೆಯನ್ನೂ, ಒಳಗೆ ಕೂರಬಹುದಾದವರನ್ನೂ ಒಟ್ಟಿಗೇ ಊಹಿಸಿಕೊಳ್ಳಬಹುದಿತ್ತು. ದಲಿತರಿಗೆ ಯಾವ ಬೋರ್ಡಿನ ಕೆಳಗೂ ಜಾಗವಿರಲಿಲ್ಲ. ಹೊರಗೆ ನಿಂತರೆ, ಮೇಲಿನಿಂದ ಸುರಿದ ಚಹಾ.

ಹೊರಗಿನ ಒಂದು ಬಟ್ಟಲು ಚಹಾ ಆಗ ಏನು ಮಾಡಬಲ್ಲದು ಎಂಬುದಕ್ಕೆ ಪುಣೆಯ ಉದಾಹರಣೆ ಪ್ರಸಿದ್ಧ. 1890ರಲ್ಲಿ ಅಲ್ಲಿನ ಪಂಚ್‌ಹೌದ್ ಮಿಷನ್ನಿನ ಸಭೆಗೆ ಹೋದ ಗಣ್ಯರಿಗೆ ಪಾದ್ರಿಗಳು ಚಹಾ, ಬಿಸ್ಕತ್ತು ಕೊಟ್ಟರು. ಅಲ್ಲಿದ್ದವರಲ್ಲಿ ನ್ಯಾಯಮೂರ್ತಿ ರಾನಡೆ, ಬಾಲಗಂಗಾಧರ ತಿಲಕ್ ಇಬ್ಬರೂ ಸೇರಿದ್ದರು. ಹೆಸರುಗಳು ಪತ್ರಿಕೆಯಲ್ಲಿ ಅಚ್ಚಾದವು. ಗುಲ್ಲೆದ್ದಿತು. ಬಹಿಷ್ಕಾರ, ಶಂಕರಾಚಾರ್ಯ ಪೀಠದ ವಿಚಾರಣೆ, ಕೊನೆಗೆ ಪ್ರಾಯಶ್ಚಿತ್ತ. ನ್ಯಾಯಾಧೀಶರಾದ ರಾನಡೆ ಕೂಡ ತಪ್ಪಿಸಿಕೊಳ್ಳಲಾಗಲಿಲ್ಲ. ಆ ಚಹಾದಲ್ಲಿ ಮಾಂಸವೇನೂ ಇರಲಿಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಇದಕ್ಕೆ ತಿರುಗಿ ನಿಂತ ಘಟನೆ ಬೆಳಗಾವಿಗೆ ಇನ್ನೂ ಹತ್ತಿರದ ಕೊಲ್ಹಾಪುರದ್ದು. ಛತ್ರಪತಿ ಶಾಹೂ ಮಹಾರಾಜರ ಕಾಲ (1874–1922). ಅರಮನೆಯ ಲಾಯದಲ್ಲಿ ದುಡಿಯುತ್ತಿದ್ದ ಗಂಗಾರಾಮ ಕಾಂಬಳೆ ಎಂಬ ದಲಿತ ಯುವಕ ನೀರು ಮುಟ್ಟಿದನೆಂದು ಮೇಲ್ಜಾತಿಯ ನೌಕರರಿಂದ ಏಟು ತಿಂದ. ಮಹಾರಾಜರು ಹೊಡೆದವರಿಗೆ ಶಿಕ್ಷೆ ಕೊಟ್ಟು ಸುಮ್ಮನಾಗಲಿಲ್ಲ. ಗಂಗಾರಾಮನಿಗೆ ಊರೊಳಗೇ ಚಹಾದ ಹೋಟೆಲು ಹಾಕಿಸಿಕೊಟ್ಟರು. ಅದರ ಹೆಸರು ‘ಸತ್ಯಸುಧಾರಕ’. ಹೋಟೆಲು ಸ್ವಚ್ಛವಾಗಿತ್ತು, ಚಹಾ ಚೆನ್ನಾಗಿತ್ತು, ಗಿರಾಕಿ ಮಾತ್ರ ಬರಲಿಲ್ಲ. ಆಗ ಮಹಾರಾಜರು ತಮ್ಮ ಸಾರೋಟನ್ನು ಆ ಹೋಟೆಲಿನ ಮುಂದೆ ನಿಲ್ಲಿಸತೊಡಗಿದರು. ತಾವೂ ಚಹಾ ಕುಡಿದರು, ಜೊತೆಗಿದ್ದ ಅಧಿಕಾರಿಗಳಿಗೂ ಕುಡಿಸಿದರು. ರಾಜ ಕುಡಿದದ್ದನ್ನು ಒಲ್ಲೆ ಎನ್ನುವ ಧೈರ್ಯ ಯಾರಿಗಿದ್ದೀತು? ಇದೇ ಶಾಹೂ ಮಹಾರಾಜರು ವಿದ್ಯಾರ್ಥಿಗಳಿಗೆ ಕಟ್ಟಿಸಿದ ವಸತಿಗೃಹಗಳು ಮರಾಠರಿಗೊಂದು, ಜೈನರಿಗೊಂದು, ಲಿಂಗಾಯತರಿಗೊಂದು ಎಂದು ಬೇರೆ ಬೇರೆಯಾಗಿಯೇ ಇದ್ದವು ಎಂಬುದನ್ನೂ ಮರೆಯುವಂತಿಲ್ಲ. ಓದಿಸುವುದಕ್ಕೆ ಒಪ್ಪಿದ ಸಮಾಜ ಒಟ್ಟಿಗೆ ಉಣ್ಣಿಸುವುದಕ್ಕೆ ಒಪ್ಪಿರಲಿಲ್ಲ.

1924ರ ಡಿಸೆಂಬರಿನಲ್ಲಿ ಬೆಳಗಾವಿಯ ಟಿಳಕವಾಡಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದು. ಗಂಗಾಧರರಾವ್ ದೇಶಪಾಂಡೆಯವರ ಮುಂದಾಳತ್ವ. ಖಾದಿ, ಹಿಂದೂ–ಮುಸ್ಲಿಂ ಐಕ್ಯದ ಜೊತೆಗೆ ಅಸ್ಪೃಶ್ಯತಾ ನಿವಾರಣೆಯೂ ಅಲ್ಲಿ ಗಾಂಧೀಜಿಯ ಮುಖ್ಯ ವಿಷಯ. ಇಲ್ಲಿ ನೆನೆಯಬೇಕಾದ ಇನ್ನೊಂದು ಸಂಗತಿಯಿದೆ. ಅದಕ್ಕೂ 36 ವರ್ಷ ಹಿಂದೆ, 1888ರಲ್ಲಿ, ಸಮುದ್ರ ದಾಟಿದ ತಪ್ಪಿಗೆ ಸ್ವಂತ ಜಾತಿಯಿಂದ ಬಹಿಷ್ಕೃತನಾದ ಯುವಕ ಗಾಂಧಿ ಲಂಡನ್ನಿನ ಬೀದಿಗಳಲ್ಲಿ ಶಾಕಾಹಾರಿ ಹೋಟೆಲು ಹುಡುಕುತ್ತಾ ಮೈಲಿಗಟ್ಟಲೆ ಅಲೆದಿದ್ದರು. ಕೊನೆಗೆ ಫ್ಯಾರಿಂಗ್‌ಡನ್ ರಸ್ತೆಯಲ್ಲಿ ಒಂದು ಸಿಕ್ಕಿತು. ಬಾಗಿಲ ಬಳಿ ಮಾರಾಟಕ್ಕಿಟ್ಟಿದ್ದ, ಹೆನ್ರಿ ಸಾಲ್ಟ್ ಎಂಬಾತ ಶಾಕಾಹಾರದ ಪರವಾಗಿ ಬರೆದ ಪುಸ್ತಕವನ್ನು ಒಂದು ಶಿಲಿಂಗಿಗೆ ಕೊಂಡು, ಒಳಗೆ ಹೋಗಿ, ಇಂಗ್ಲೆಂಡಿಗೆ ಬಂದ ಮೇಲೆ ಮೊದಲ ಬಾರಿ ಹೊಟ್ಟೆತುಂಬ ಉಂಡರು. ತಾಯಿಗೆ ಕೊಟ್ಟ ಮಾತಿಗಾಗಿ ಶಾಕಾಹಾರಿಯಾಗಿದ್ದವರು ಆ ಪುಸ್ತಕ ಓದಿದ ಮೇಲೆ ಮನಸ್ಸಿನಿಂದಲೇ ಶಾಕಾಹಾರಿಯಾದರು. ಲಂಡನ್ನಿನ ಆ ಹೋಟೆಲಿನಲ್ಲಿ ಶಾಕಾಹಾರ ಒಂದು ಅಭಿಪ್ರಾಯ. ಒಪ್ಪಿದವರು ಯಾರಾದರೂ ಒಳಗೆ ಬಂದು ಕೂರಬಹುದು. ಆ ಕಾಲದ ಬೆಳಗಾವಿಯಲ್ಲಿ ಅದು ಹುಟ್ಟು.

ಅದೇ 1924ರಲ್ಲಿ ಬೆಂಗಳೂರಿನಲ್ಲಿ ಯಜ್ಞನಾರಾಯಣ ಮಯ್ಯ ಮತ್ತು ಸೋದರರು ‘ಬ್ರಾಹ್ಮಣ ಕಾಫಿ ಕ್ಲಬ್’ ತೆರೆದರು. ಮುಂದೆ ಎಂ.ಟಿ.ಆರ್. ಎಂದು ಹೆಸರಾದದ್ದು ಇದೇ. ಹಿಂದಿನ ವರ್ಷ, 1923ರಲ್ಲಿ, ದಕ್ಷಿಣ ಕನ್ನಡದಲ್ಲಿ ಭಾರಿ ನೆರೆ ಬಂದು ಬದುಕು ಕೆಟ್ಟಿತ್ತು. ಮಠ, ದೇವಸ್ಥಾನಗಳ ಅಡುಗೆ ಬಲ್ಲ ಹುಡುಗರು ಘಟ್ಟ ಹತ್ತಿದರು, ಮುಂಬೈ ಹಡಗು ಹಿಡಿದರು. ಹುಬ್ಬಳ್ಳಿ, ಧಾರವಾಡ, ಬೆಳಗಾವಿಗೂ ಉಡುಪಿ ಹೋಟೆಲು ಬಂದದ್ದು ಈ ಅಲೆಯಲ್ಲಿ. ರೊಟ್ಟಿಯ ಸೀಮೆಗೆ ಇಡ್ಲಿ, ದೋಸೆ ಕಾಲಿಟ್ಟವು. ಊಟಕ್ಕೆ ಖಾನಾವಳಿ, ಫಳಾರಕ್ಕೆ ಉಡುಪಿ ಎಂಬ ಒಪ್ಪಂದವೊಂದು ಯಾರೂ ಬರೆಯದೆಯೇ ಜಾರಿಗೆ ಬಂತು.

ಶಾಕಾಹಾರಿ ಹೋಟೆಲಿಗೆ ‘ಹೈಕ್ಲಾಸ್’ ಪಟ್ಟ ಕಟ್ಟಿದವರೂ ಉಡುಪಿಯವರೇ. ಮಠದಲ್ಲಿ ಚಾಕರಿಗಿದ್ದ ಕಡಂದಲೆ ಕೃಷ್ಣರಾಯರು 1930ರ ದಶಕದ ಕೊನೆಗೆ ಮದರಾಸಿನಲ್ಲಿ ಜಮೀನ್ದಾರರೊಬ್ಬರ ಬಂಗಲೆಯನ್ನೇ ಹಿಡಿದು ‘ವುಡ್‌ಲ್ಯಾಂಡ್ಸ್’ ನಡೆಸಿದರು. ಮಯ್ಯರು 1951ರಲ್ಲಿ ಯೂರೋಪು ಸುತ್ತಿ ಬಂದು ಪಾತ್ರೆಗಳನ್ನು ಹಬೆಯಲ್ಲಿ ತೊಳೆಸುವ ವ್ಯವಸ್ಥೆ ಮಾಡಿದರು. ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ನೋಡಬಹುದೆಂದರು. ಬೆಳ್ಳಿ ಲೋಟದಲ್ಲಿ ಕಾಫಿ ಕೊಟ್ಟರು. ಇದು ಸಣ್ಣ ಬದಲಾವಣೆಯಲ್ಲ. ಅಡುಗೆಯವನ ಜನಿವಾರ ನೋಡಿ ಹೋಟೆಲನ್ನು ನಂಬುತ್ತಿದ್ದ ಗಿರಾಕಿ ಈಗ ಅವನ ಪಾತ್ರೆ ನೋಡಿ ನಂಬತೊಡಗಿದ. ಮಡಿ ಇದ್ದ ಜಾಗಕ್ಕೆ ಸ್ವಚ್ಛತೆ ಬಂತು. 1960ರ ಹೊತ್ತಿಗೆ ‘ಬ್ರಾಹ್ಮಣ ಕಾಫಿ ಕ್ಲಬ್’ ಎಂಬ ಹೆಸರೂ ಹೋಗಿ ‘ಮಾವಳ್ಳಿ ಟಿಫಿನ್ ರೂಮ್ಸ್’ ಆಯಿತು. ಹೆಂಗಸರು ಹೋಟೆಲಿಗೆ ಬರತೊಡಗಿದ್ದೂ ಇಂಥ ಹೋಟೆಲುಗಳಿಂದಲೇ. ಪರದೆ ಇಳಿಬಿಟ್ಟ ‘ಫ್ಯಾಮಿಲಿ ರೂಮ್’ಗಳಲ್ಲಿ ಮೊದಲ ಮಸಾಲೆ ದೋಸೆ ತಿಂದ ಅಜ್ಜಿಯರು ಬೆಳಗಾವಿಯಲ್ಲಿ ಬೇಕಾದಷ್ಟು ಮಂದಿ.

ಬೋರ್ಡುಗಳಿಂದ ಜಾತಿ ಅಳಿಸಿದ್ದರಲ್ಲಿ ಮಾಲೀಕರ ಒಳ್ಳೆಯತನಕ್ಕಿಂತ ಕಾನೂನಿನ ಪಾಲು ದೊಡ್ಡದು. ಮುಂಬೈ ಪ್ರಾಂತ್ಯ 1946ರಲ್ಲೇ ಹರಿಜನರ ಸಾಮಾಜಿಕ ನಿರ್ಬಂಧಗಳನ್ನು ತೆಗೆಯುವ ಕಾಯ್ದೆ ಮಾಡಿತು. ಬೆಳಗಾವಿ ಆಗ ಅದೇ ಪ್ರಾಂತ್ಯದಲ್ಲಿತ್ತು. 1950ರಲ್ಲಿ ಬಂದ ಸಂವಿಧಾನದ 15ನೇ ವಿಧಿ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳನ್ನು ಹೆಸರು ಹಿಡಿದೇ ಹೇಳಿತು: ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ. 1955ರ ಅಸ್ಪೃಶ್ಯತಾ (ಅಪರಾಧಗಳ) ಕಾಯ್ದೆ ಇನ್ನೂ ಒಂದು ಹೆಜ್ಜೆ ಒಳಗೆ ಹೋಗಿ ಹೋಟೆಲಿನ ಪಾತ್ರೆಪಗಡಗಳನ್ನೂ ಹೆಸರಿಸಿತು. ಬಾಗಿಲು ತೆರೆದರೂ ಲೋಟ ಬೇರೆ ಇಡುವವರಿದ್ದಾರೆ ಎಂಬುದು ಕಾಯ್ದೆ ಬರೆದವರಿಗೆ ಗೊತ್ತಿತ್ತು. ಅವರ ಅಂದಾಜು ತಪ್ಪಲಿಲ್ಲ. ಎರಡು ಲೋಟದ ಪದ್ಧತಿ ಹಳ್ಳಿಗಳ ಚಹಾದಂಗಡಿಗಳಲ್ಲಿ ಆಮೇಲೂ ದಶಕಗಳ ಕಾಲ ಉಳಿಯಿತು.

ಪಟ್ಟಣಗಳಲ್ಲಿ ‘ಬ್ರಾಹ್ಮಣರ’, ‘ಲಿಂಗಾಯತ’ ಎಂದು ಬರೆದಿದ್ದ ಎಷ್ಟೋ ಬೋರ್ಡುಗಳು ಇಳಿದು ‘ಶಾಕಾಹಾರಿ’ ಎಂಬ ಬೋರ್ಡು ಏರಿತು. ಹಳೆಯ ಗಿರಾಕಿಗೆ ಹಳೆಯ ಭರವಸೆಯನ್ನು ಕೊಡುವ ಕೆಲಸ ‘ಶುದ್ಧ’ ಎಂಬ ಪದದ ಪಾಲಿಗೆ ಬಂತು. ಹೊಸ ಗಿರಾಕಿಗೆ ಅದು ತೊಳೆದ ತಟ್ಟೆಯನ್ನು ಸೂಚಿಸಿತು. ಒಂದೇ ಪದ, ಇಬ್ಬರಿಗೆ ಎರಡು ಅರ್ಥ. ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೆಯ ಪದ ಸಿಗುವುದು ಕಷ್ಟ. ಹಾಗೆಂದು ಬದಲಾವಣೆಯನ್ನು ಹಗುರವಾಗಿ ಕಾಣುವಂತಿಲ್ಲ. ಹುಟ್ಟಿನ ಬೋರ್ಡಿನ ಕೆಳಗೆ ಒಳಗೆ ಹೋಗಲಾಗದವನು ಆಹಾರದ ಬೋರ್ಡಿನ ಕೆಳಗೆ ಹೋಗಬಹುದು. ಬಿಲ್ಲಿನ ಹಣ ಇದ್ದರೆ ಸಾಕು.

ಇಂದಿನ ದುಬಾರಿ ಶಾಕಾಹಾರಿ ಹೋಟೆಲುಗಳ ಮೆನು ನೋಡಿದರೆ ಉಡುಪಿಯೂ ಖಾನಾವಳಿಯೂ ಮೂಲೆಗೆ ಸರಿದಿವೆ. ಪನೀರಿನದೇ ಎರಡು ಪುಟ. ಪಟ್ಟಣಗಳಲ್ಲಿ ‘ಸಸ್ಯಜನ್ಯ’ ಊಟ, ಅಂದರೆ ಹಾಲು ತುಪ್ಪವೂ ಇಲ್ಲದ್ದು, ಹೊಸ ಬಗೆಯ ಹೈಕ್ಲಾಸ್ ಆಗಿದೆ. ‘ವೀಗನ್’ ಎಂಬ ಪದ 1944ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದು. ಈ ಲೆಕ್ಕದಲ್ಲಿ ಬೆಳಗಾವಿಯ ಕುಂದಾ ಮೊದಲ ಸುತ್ತಿನಲ್ಲೇ ಸೋಲುತ್ತದೆ, ಅದು ಪೂರಾ ಹಾಲಿನದೇ. ಖಾನಾವಳಿಯ ತಟ್ಟೆ ಮಾತ್ರ ಗೆಲ್ಲುತ್ತದೆ: ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಿಕೆ ಕಾಳಿನ ಪಲ್ಯ, ಝುಣಕ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಹಸಿ ಈರುಳ್ಳಿ. ಮೊಸರಿನ ಬಟ್ಟಲೊಂದನ್ನು ಪಕ್ಕಕ್ಕಿಟ್ಟರೆ ಆಯಿತು. ಇದನ್ನೇ ಬೆಂಗಳೂರಿನಲ್ಲಿ ಮಣ್ಣಿನ ತಟ್ಟೆಯಲ್ಲಿಟ್ಟು ಹತ್ತು ಪಟ್ಟು ಬೆಲೆಗೆ ಬಡಿಸಿದರೂ ಆಶ್ಚರ್ಯವಿಲ್ಲ. ಕುಂಬಾರಿಕೆಗೆ ಹೆಸರಾದ ಖಾನಾಪುರಕ್ಕೆ ಅದರಿಂದ ತಟ್ಟೆಗಳ ಗಿರಾಕಿಯಾದರೂ ಸಿಕ್ಕಬಹುದು.

2001ರಲ್ಲಿ ಪೊಟ್ಟಣದ ಆಹಾರಕ್ಕೆ ಹಸಿರು ಚುಕ್ಕೆಯ ಗುರುತು ಬಂದ ಮೇಲೆ ‘ಶುದ್ಧ’ ಎಂದು ಬರೆಯದೆಯೂ ಶಾಕಾಹಾರವನ್ನು ಸೂಚಿಸಲು ಸಾಧ್ಯವಾಯಿತು. ಹೋಟೆಲಿನವರು ಚುಕ್ಕೆಯನ್ನೂ ಹಾಕಿಸಿಕೊಂಡರು, ಪದವನ್ನೂ ಬಿಡಲಿಲ್ಲ. ಇತ್ತ ಅದೇ ಶಾಕಾಹಾರ ಇನ್ನೊಂದು ಜಾಗದಲ್ಲಿ ಕಾಣಿಸಿಕೊಂಡಿದೆ. ಪಟ್ಟಣಗಳ ಬಡಾವಣೆಗಳಲ್ಲಿ ಗೇಟಿಗೆ ತೂಗುಹಾಕಿದ ಸಣ್ಣ ರಟ್ಟಿನ ಮೇಲೆ: ‘ಮನೆ ಬಾಡಿಗೆಗಿದೆ. ಶಾಕಾಹಾರಿಗಳಿಗೆ ಮಾತ್ರ.’ ಬಾಡಿಗೆ ಕೇಳಲು ಹೋದವರಿಗೆ ಊಟದ ಬಗ್ಗೆ ಒಂದು ಪ್ರಶ್ನೆ, ಆಮೇಲೆ ಅಡ್ಡಹೆಸರಿನ ಬಗ್ಗೆ ಇನ್ನೊಂದು ಪ್ರಶ್ನೆ. 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳನ್ನು ಹೆಸರಿಸುತ್ತದೆ. ಬಾಡಿಗೆ ಮನೆ ಆ ಪಟ್ಟಿಯಲ್ಲಿಲ್ಲ.