ದೇವರ ಕೋಣೆಯ ರವಿವರ್ಮ

ಊರು ಬಿಟ್ಟು ಗುಜರಾತಿಗೆ ಬರುವಾಗ ಪೆಟ್ಟಿಗೆಯಲ್ಲಿ ಲಕ್ಷ್ಮಿಯ ಪಟವನ್ನೋ ಸರಸ್ವತಿಯ ಪಟವನ್ನೋ ಜೋಪಾನವಾಗಿ ತಂದವರು ನಮ್ಮಲ್ಲಿ ಬಹಳ ಮಂದಿ. ನಮ್ಮ ಮನೆಯಲ್ಲಿಯೂ ಅಜ್ಜಿಯ ಕಾಲದ ಲಕ್ಷ್ಮಿಯೊಂದಿದೆ. ಮೂಲೆಯಲ್ಲಿ ರವಿವರ್ಮರ ಸಹಿಯೂ ಇದೆ. ಅವರೇ ಕೈಯಾರೆ ಬರೆದದ್ದೆಂದು ಹಿರಿಯರ ನಂಬಿಕೆ. ಈಚೆಗೆ ಬಂಧುಗಳೊಬ್ಬರು, “ಲಕ್ಷಗಟ್ಟಲೆ ಬಾಳುತ್ತದೆ, ಮಾರಿ ಪಾಲು ಮಾಡೋಣ” ಎಂದರು. ಆದ್ದರಿಂದ ಅದರ ಮೂಲವನ್ನು ವಿಚಾರಿಸಲೇಬೇಕಾಯಿತು.

ಈ ವಿಚಾರಣೆಗೆ ನಾವಿರುವ ವಡೋದರಾ ತಕ್ಕ ಊರೇ. ಮಹಾರಾಜ ಸಯಾಜಿರಾವ್ ಗಾಯಕವಾಡರಿಗಾಗಿ ರವಿವರ್ಮರು (1848–1906) 1888ರಿಂದ 1890ರೊಳಗೆ 14 ಪೌರಾಣಿಕ ಚಿತ್ರಗಳನ್ನು ಬರೆದುಕೊಟ್ಟರು. ಚಿತ್ರಗಳನ್ನು ಅಚ್ಚು ಹಾಕಿಸಿ ಜನರಿಗೆ ತಲುಪಿಸಿರೆಂದು 1884ರಲ್ಲಿ ಅವರಿಗೆ ಸಲಹೆಯಿತ್ತವರು ಇಲ್ಲಿ ದಿವಾನರಾಗಿದ್ದ ಟಿ. ಮಾಧವರಾಯರು. 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ಆರಂಭವಾಗಿ, ಮುಂದೆ ಲೋಣಾವಳಾ ಬಳಿಯ ಮಳವಲಿಗೆ ಹೋಯಿತು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಕೊನೆಗೆ ಮೇಲೊಂದು ವಾರ್ನಿಷ್. ಕಲಾವಿದರು ತೀರಿಕೊಂಡ ಮೇಲೂ ಅವರ ಹೆಸರಿನಲ್ಲಿ ಪಟಗಳು ಹೊರಬೀಳುತ್ತಲೇ ಇದ್ದವು.

ಒಂದು ಭಾನುವಾರ ಪಟವನ್ನು ಇಳಿಸಿ, ಬಿ.ಎಸ್ಸಿ. ಓದುವಾಗ ಕೊಂಡಿದ್ದ ಭೂತಗನ್ನಡಿ ಹಿಡಿದೆವು. ಕೈಬರಹವಾಗಿದ್ದರೆ ಕುಂಚದ ಗೆರೆ, ಬಣ್ಣದ ಉಬ್ಬುತಗ್ಗು ಕಾಣಬೇಕು. ಇಲ್ಲಿ ದೇವಿಯ ಕೆನ್ನೆಯೆಲ್ಲ ಸಣ್ಣ ಸಣ್ಣ ಬಣ್ಣದ ಚುಕ್ಕೆಗಳು. ಚೌಕಟ್ಟು ಬಿಚ್ಚಿದಾಗ ಅಂಚಿನಲ್ಲಿ ಅಡಗಿದ್ದ ಅಕ್ಷರಗಳು ಹೊರಬಂದವು: ‘ರವಿವರ್ಮ ಪ್ರೆಸ್, ಕಾರ್ಲಾ-ಲೋಣಾವಳಾ’. ಸಹಿಯೂ ಚಿತ್ರದೊಡನೆ ಅಚ್ಚಾದದ್ದೇ! ಸಹಿಯೊಂದನ್ನೇ ನಂಬಿ ಬೆಲೆ ಕಟ್ಟಬಾರದೆಂಬುದು ನಾವು ಕಲಿತ ಪಾಠ.

ಪಟದ ಸ್ಥಿತಿಯೂ ಅಷ್ಟಕ್ಕಷ್ಟೆ. ವಾರ್ನಿಷ್ ಹಳದಿಯಾಗಿದೆ, ಮುಖಕ್ಕೆ ದೀಪದ ಮಸಿ, ಪಾದದಲ್ಲಿ ಕುಂಕುಮ ಅಂಟಿದೆ, ಹಿಂದಿನ ಹಲಗೆ ತಗಲಿ ಕಾಗದ ಕಂದಿದೆ. ಒದ್ದೆ ಬಟ್ಟೆಯಿಂದ ಒರೆಸಲು ಹೊರಟ ಮಗನನ್ನು ತಡೆದೆವು. ನೀರು ತಾಗಿದರೆ ಕಾಗದ ಉಬ್ಬಿ ಬಣ್ಣ ಏಳುತ್ತದೆ. ಹಲಗೆಯ ಬದಲು ಆಮ್ಲರಹಿತ ರಟ್ಟು ಹಾಕಿಸಿ, ದೀಪದಿಂದ ಮೊಳ ದೂರಕ್ಕೆ ತೂಗುಹಾಕಿದೆವು.

ಬಂಧುಗಳು ಮತ್ತೆ ಮಾತೆತ್ತಲಿಲ್ಲ. ನಮ್ಮ ತಾಯಿಯವರು ಎಲ್ಲವನ್ನೂ ಕೇಳಿ, “ಅಚ್ಚಾದರೇನು, ಅತ್ತೆ ನಿತ್ಯ ಹೂವು ಮುಡಿಸುತ್ತಿದ್ದುದು ಇವಳಿಗೇ ತಾನೆ?” ಎಂದು ದೀಪ ಹಚ್ಚಿದರು.

ಮೂಲಚಿತ್ರಗಳು ಇಲ್ಲಿಯ ಮಹಾರಾಜ ಫತೇಸಿಂಗ್ ವಸ್ತುಸಂಗ್ರಹಾಲಯದಲ್ಲಿವೆ. ಮೈಸೂರಿನ ಜಗನ್ಮೋಹನ ಅರಮನೆಯ ಸಂಗ್ರಹದಲ್ಲಿಯೂ ಇವೆ. ಆದರೆ ಅರಮನೆಯ ಬಾಗಿಲು ಕಾಣದ ನಮ್ಮ ಅಜ್ಜಿಯಂಥವರ ಮನೆಗೆ ದೇವಿ ಬಂದದ್ದು ಈ ಅಚ್ಚಿನಿಂದಲೇ. ಅಹಮದಾಬಾದ್, ಸೂರತ್‌ಗಳ ಬಂಧುಗಳೂ ತಮ್ಮ ಪಟಗಳನ್ನೊಮ್ಮೆ ನೋಡಲಿ. ಯಾರು, ಯಾವಾಗ, ಎಲ್ಲಿ ಕೊಂಡರೆಂಬುದನ್ನು ಒಂದು ಚೀಟಿಯಲ್ಲಿ ಬರೆದು ಚೌಕಟ್ಟಿನ ಹಿಂದೆ ಇಡಲಿ. ಅದನ್ನು ಹೇಳಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು.